ಕವಿಯ ನಿಷ್ಠೆ, ಕೃತಿಯ ಮನ್ನಣೆ: ರಾಘವಾಂಕನ ಪ್ರಸಂಗದಿಂದ ಏಳುವ ಒಂದು ವಿಚಾರ

ಹಂಪೆಯ ಹರಿಹರ ಮತ್ತು ರಾಘವಾಂಕರ ಹೆಸರುಗಳನ್ನು ಜೊತೆಯಾಗಿ ಹೇಳಿದೊಡನೆ ಕನ್ನಡಿಗರ ನೆನಪಿಗೆ ಬರುವ ಕಥೆಯೊಂದುಂಟು. ಸೋದರಳಿಯನಾದ ರಾಘವಾಂಕನು ಹರಿಶ್ಚಂದ್ರಕಾವ್ಯವನ್ನು ರಚಿಸಿ, ರಾಜಸಭೆಯಲ್ಲಿ ವಾಚಿಸಿ, ವಿದ್ವಾಂಸರ ಮೆಚ್ಚುಗೆಯನ್ನು ಪಡೆದು, ಮಾವನೂ ಗುರುವೂ ಆದ ಹರಿಹರನ ಬಳಿಗೆ ಹಿಗ್ಗಿನಿಂದ ಬಂದನು. ಶಿವಶರಣರ ಚರಿತೆಗಳಿರುವಾಗ ಅವುಗಳನ್ನು ಬಿಟ್ಟು ಭವಿಯಾದ ಅರಸನೊಬ್ಬನನ್ನು ಹಾಡಿದನಲ್ಲಾ ಎಂದು ಹರಿಹರನು ಕೆರಳಿ ಪಾದರಕ್ಷೆಯಿಂದ ಹೊಡೆದನು. ಅಳಿಯನ ಹಲ್ಲುಗಳು ಉದುರಿದವು. ಬಳಿಕ ಶಿವಪರವಾದ ಐದು ಕೃತಿಗಳನ್ನು ರಚಿಸಿ ರಾಘವಾಂಕನು ಅವುಗಳನ್ನು ಮರಳಿ ಪಡೆದನು. ಹೇಳುವವರಿಂದ ಹೇಳುವವರಿಗೆ ವಿವರಗಳು ಬದಲಾದರೂ ಕಥೆಯ ಹಂದರ ಇಷ್ಟೇ.

ಇದನ್ನು ಇತಿಹಾಸವೆಂದು ಒಪ್ಪಬೇಕಾದ ಅಗತ್ಯವಿಲ್ಲ. ರಾಘವಾಂಕನು ಬಾಳಿದ್ದು ಸುಮಾರು 13ನೆಯ ಶತಮಾನದ ಆದಿಭಾಗದಲ್ಲಿ. ಅವನ ಜೀವನವನ್ನೇ ವಸ್ತುವಾಗಿಸಿಕೊಂಡು ರಾಘವಾಂಕಚರಿತ್ರೆಯನ್ನು ಬರೆದ ಕವಿಯು 17ನೆಯ ಶತಮಾನದವನು. ನಡುವೆ ನಾಲ್ಕು ನೂರು ವರ್ಷಗಳ ಅಂತರವಿದೆ. ಆದರೆ ಜನಶ್ರುತಿಯು ಇತಿಹಾಸವಲ್ಲವೆಂದ ಮಾತ್ರಕ್ಕೆ ನಿರರ್ಥಕವಲ್ಲ. ಒಂದು ಸಮುದಾಯದ ಮನಸ್ಸನ್ನು ದೀರ್ಘಕಾಲ ಕಾಡಿದ ಪ್ರಶ್ನೆಯೊಂದು ಕಥೆಯ ರೂಪದಲ್ಲಿ ನಿಲ್ಲುವುದುಂಟು. ಇಲ್ಲಿ ನಿಂತಿರುವ ಪ್ರಶ್ನೆ ಇದು: ಕವಿಯು ಏನನ್ನು ನಂಬುತ್ತಾನೆ, ಯಾರನ್ನು ಕೊಂಡಾಡುತ್ತಾನೆ ಎಂಬುದನ್ನು ನೋಡಿ ಅವನ ಕೃತಿಗೆ ಮನ್ನಣೆ ಕೊಡಬೇಕೇ, ಅಥವಾ ಕೃತಿಯನ್ನು ಕೃತಿಯೆಂದೇ ನೋಡಬೇಕೇ?

ಈ ಪ್ರಶ್ನೆ ಹಳೆಯದಾದರೂ ಹಳತಾಗಿಲ್ಲ. ಮಠಗಳು ಗ್ರಂಥಮಾಲೆಗಳನ್ನು ನಡೆಸುತ್ತವೆ. ಸಂಘಸಂಸ್ಥೆಗಳು ಪ್ರಶಸ್ತಿಗಳನ್ನು ಕೊಡುತ್ತವೆ. ವಾಚನಾಲಯಗಳು ಪುಸ್ತಕಗಳನ್ನು ಕೊಳ್ಳುತ್ತವೆ. ಲೇಖಕನು ನಾಸ್ತಿಕನೆಂದೋ ಅನ್ಯಮತೀಯನೆಂದೋ ತಿಳಿದುಬಂದೊಡನೆ, ಅವನಿಗೇಕೆ ಭಕ್ತರ ಹಣ ಎಂಬ ಮಾತು ಏಳುತ್ತದೆ. ಇನ್ನೊಂದು ಪಕ್ಷದವರು, ಕಲೆಗೂ ಕಲಾವಿದನ ಬಾಳಿಗೂ ಏನು ಸಂಬಂಧ, ಹಣ್ಣು ರುಚಿಯಾಗಿದ್ದರೆ ಸಾಲದೇ, ಮರದ ಕುಲವನ್ನೇಕೆ ಕೇಳಬೇಕು ಎನ್ನುತ್ತಾರೆ. ಮೊದಲಿನವರು ಶರಣರ ನಿಷ್ಠೆಯನ್ನು ಆಧಾರವಾಗಿ ತೋರುತ್ತಾರೆ. ಎರಡನೆಯವರು ಶರಣರ ಔದಾರ್ಯವನ್ನು ತೋರುತ್ತಾರೆ. ಎರಡು ಗುಣಗಳೂ ಶರಣರಲ್ಲಿದ್ದವು. ಆದ್ದರಿಂದ ವಾದವು ಇದ್ದಲ್ಲಿಯೇ ಸುತ್ತುತ್ತದೆ.

ಸುತ್ತು ಬಿಡಿಸಬೇಕಾದರೆ ಮೊದಲು ಮೂರು ಕ್ರಿಯೆಗಳನ್ನು ಬೇರ್ಪಡಿಸಿಕೊಳ್ಳಬೇಕು. ಕೃತಿಯನ್ನು ಓದುವುದು ಒಂದು. ಕೃತಿಕಾರನನ್ನು ಗೌರವಿಸುವುದು ಇನ್ನೊಂದು. ಅವನ ಬರವಣಿಗೆಗೆ ಧನವನ್ನೂ ಆಶ್ರಯವನ್ನೂ ಕೊಟ್ಟು ಪೋಷಿಸುವುದು ಮತ್ತೊಂದು. ಓದು, ಮನ್ನಣೆ, ಪೋಷಣೆ ಎಂಬ ಈ ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದುದರಿಂದಲೇ ಎಷ್ಟೋ ಗೊಂದಲಗಳು ಹುಟ್ಟಿವೆ.

ಹರಿಹರನ ವ್ರತ

ಹರಿಹರನ ಕೋಪವನ್ನು ಅರಿಯಬೇಕಾದರೆ ಅವನ ವ್ರತವನ್ನು ಅರಿಯಬೇಕು. ಹೊಯ್ಸಳರ ದೋರಸಮುದ್ರದಲ್ಲಿ ಕರಣಿಕನಾಗಿದ್ದ ಹರಿಹರನು ಆ ಸೇವೆಯನ್ನು ತೊರೆದು ಹಂಪೆಯ ವಿರೂಪಾಕ್ಷನ ಸನ್ನಿಧಿಗೆ ಬಂದನೆಂದು ಸಂಪ್ರದಾಯವು ಹೇಳುತ್ತದೆ. ನರರನ್ನು ಸ್ತುತಿಸುವ ಕಾವ್ಯಕ್ಕೆ ಅವನು ಬೆನ್ನು ತಿರುಗಿಸಿದ ನಿಲುವು ಪಂಪಾಶತಕದಲ್ಲಿ ಸ್ಪಷ್ಟವಾಗಿದೆ. ಅರಸರನ್ನು ಅರ್ಜುನನಿಗೋ ಕರ್ಣನಿಗೋ ಹೋಲಿಸಿ ಹೊಗಳಿ ಅಗ್ರಹಾರಗಳನ್ನು ಪಡೆಯುವುದೇ ಕವಿವೃತ್ತಿಯಾಗಿದ್ದ ಕಾಲದಲ್ಲಿ ಇದು ಸಾಮಾನ್ಯ ಧೈರ್ಯವಲ್ಲ. ಆಸ್ಥಾನದ ಅನ್ನವನ್ನು ಬಿಟ್ಟವನಿಗೆ ಆಸ್ಥಾನದ ಭಾಷೆಯನ್ನೂ ಬಿಡುವ ಸ್ವಾತಂತ್ರ್ಯ ದೊರೆಯಿತು. ಚಂಪುವಿನ ಪ್ರೌಢಿಯನ್ನು ಗಿರಿಜಾಕಲ್ಯಾಣದಲ್ಲಿ ಮೆರೆದವನು ರಗಳೆಯ ಸರಳ ಹರಿವಿಗೆ ಇಳಿದುದಕ್ಕೆ ಈ ಸ್ವಾತಂತ್ರ್ಯವೇ ಕಾರಣ. ನಂಬಿಕೆಯು ಕಲೆಯನ್ನು ಕುಗ್ಗಿಸುತ್ತದೆಂಬ ಆಧುನಿಕರ ಸಂದೇಹಕ್ಕೆ ಹರಿಹರನೇ ಸಾಕಾದ ಉತ್ತರ.

ಆದರೆ ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಹರಿಹರನ ವ್ರತವು ತಾನು ಏನನ್ನು ಹಾಡಬೇಕೆಂಬುದಕ್ಕೆ ಸಂಬಂಧಿಸಿದ್ದು. ಇತರರು ಏನನ್ನು ಓದಬೇಕೆಂಬುದನ್ನು ಅದು ವಿಧಿಸುವುದಿಲ್ಲ. ವ್ರತವೆಂಬುದು ತೊಟ್ಟವನ ಕೈಯ ಕಂಕಣ; ಅದನ್ನು ಬಿಚ್ಚಿ ಇನ್ನೊಬ್ಬನ ಕೈಗೆ ತೊಡಿಸಹೊರಟಾಗ ಅದೇ ಕೋಳವಾಗುತ್ತದೆ. ಜನಶ್ರುತಿಯ ಪಾದರಕ್ಷೆಯ ಏಟು ಈ ಪರಿವರ್ತನೆಯ ಸಂಕೇತವೆಂದರೂ ಸಲ್ಲುತ್ತದೆ. ಎರಡನೆಯದಾಗಿ, ಹರಿಹರನ ಶರಣಕುಲವು ಸಂಕುಚಿತವಾದುದಲ್ಲ. ಬಸವರಾಜದೇವರ ರಗಳೆಯನ್ನೂ ಮಹಾದೇವಿಯಕ್ಕನ ರಗಳೆಯನ್ನೂ ಬರೆದ ಲೇಖನಿಯೇ, ಇಷ್ಟಲಿಂಗದ ಆಚರಣೆ ರೂಪುಗೊಳ್ಳುವುದಕ್ಕೆ ಎಷ್ಟೋ ಮುಂಚೆ ಬಾಳಿದ ತಮಿಳುನಾಡಿನ ಪುರಾತನರನ್ನೂ ಅಷ್ಟೇ ಅಕ್ಕರೆಯಿಂದ ಹಾಡಿತು. ಮಾಂಸವನ್ನು ನಿವೇದಿಸಿದ ಬೇಡರ ಕಣ್ಣಪ್ಪನೂ ಅಲ್ಲಿದ್ದಾನೆ. ಕುಂಬಾರನಾದ ತಿರುನೀಲಕಂಠನೂ ಇದ್ದಾನೆ. ಆಚಾರದ ಹೊರರೂಪವು ತನ್ನದಕ್ಕೆ ಹೊಂದುವುದೇ ಎಂದು ಹರಿಹರನು ಅಳೆಯಲಿಲ್ಲ. ಒಳಗಿನ ಒಲುಮೆ ಎಷ್ಟೆಂದು ನೋಡಿದನು.

ಹರಿಶ್ಚಂದ್ರಕಾವ್ಯದ ಸಾಕ್ಷ್ಯ

ಇನ್ನು ಆಕ್ಷೇಪಕ್ಕೆ ಗುರಿಯಾದ ಕಾವ್ಯವನ್ನೇ ನೋಡಬಹುದು. ಹರಿಶ್ಚಂದ್ರಕಾವ್ಯವು ನರಸ್ತುತಿಯೇ? ಇಂದ್ರಸಭೆಯಲ್ಲಿ ವಸಿಷ್ಠ ವಿಶ್ವಾಮಿತ್ರರ ಪಂತದಿಂದ ಮೊದಲಾಗುವ ಕಥೆಯು ಅಯೋಧ್ಯೆಯ ಅರಸನನ್ನು ಸಿಂಹಾಸನದಿಂದ ಕಾಶಿಯ ಮಸಣಕ್ಕೆ ಹಂತಹಂತವಾಗಿ ಇಳಿಸುತ್ತದೆ. ರಾಜ್ಯ ಹೋಯಿತು, ಮಡದಿ ಮಕ್ಕಳು ಮಾರಾಟವಾದರು, ಕೊನೆಗೆ ಅವನೂ ವೀರಬಾಹುಕನ ಆಳಾಗಿ ಸುಡುಗಾಡನ್ನು ಕಾಯುವವನಾದನು. ಹೊಗಳುವುದಕ್ಕೆ ಇಲ್ಲಿ ಅರಸುತನವೇ ಉಳಿಯುವುದಿಲ್ಲ. ಉಳಿಯುವುದು ಸತ್ಯವೊಂದೇ, ಆ ಸತ್ಯವನ್ನೇ ಕವಿಯು ಹರನೊಡನೆ ಅಭೇದವಾಗಿ ಕಾಣುತ್ತಾನೆ. ಚಂದ್ರಮತಿಯ ಕೊರಳ ಮೇಲೆ ಖಡ್ಗವೆತ್ತಿದ ಗಳಿಗೆಯಲ್ಲಿ ಪ್ರತ್ಯಕ್ಷನಾಗುವವನು ಶಿವನೇ. ವಸ್ತುವು ಪುರಾಣದ ಅರಸನದು, ದರ್ಶನವು ಶಿವಭಕ್ತನದು.

ಅಷ್ಟೇ ಅಲ್ಲ, ಕಾವ್ಯದೊಳಗೆ ಇನ್ನೂ ಒಂದು ಮಾರ್ಮಿಕವಾದ ಸಂಗತಿಯಿದೆ. ಹಾಡಿ ಮೆಚ್ಚಿಸಿದ ಅನಾಮಿಕೆಯರು ತಮ್ಮನ್ನು ವರಿಸೆಂದು ಕೇಳಿದಾಗ ಹರಿಶ್ಚಂದ್ರನು ಕುಲದ ಮಾತೆತ್ತಿ ಹಳಿಯುತ್ತಾನೆ. ಆ ಹೆಣ್ಣುಗಳು ಸುಮ್ಮನಿರದೆ ಮರುನುಡಿಯುತ್ತಾರೆ. ತಮ್ಮ ಹಾಡನ್ನು ಕೇಳಿದ ಕಿವಿಗೆ, ರೂಪನ್ನು ಕಂಡ ಕಣ್ಣಿಗೆ ತಾಗದ ಹೊಲೆ ಮುಟ್ಟಿದರೆ ಮಾತ್ರ ಹೇಗೆ ತಾಗುತ್ತದೆಂಬುದು ಅವರ ವಾದದ ತಿರುಳು. ಅರಸನ ಬಾಯಿಂದ ಬಂದ ತಿರಸ್ಕಾರವು ಮುಂದೆ ಅರಸನನ್ನೇ ಹುಡುಕಿಕೊಂಡು ಬರುತ್ತದೆ. ಯಾರ ಕುಲವನ್ನು ಹಳಿದನೋ ಆ ಕುಲದ ಒಡೆಯನಿಗೇ ಅವನು ಆಳಾಗಿ ದುಡಿಯಬೇಕಾಗುತ್ತದೆ. ಕಲ್ಯಾಣದ ಶರಣರು ಸಾರಿದ ಕುಲನಿರಸನದ ತತ್ತ್ವವು ಶರಣನೊಬ್ಬನ ಹೆಸರೂ ಬಾರದ ಈ ಕಾವ್ಯದಲ್ಲಿ ಕಥೆಯ ನಡೆಯಾಗಿ ಮೂಡಿದೆ. ವಸ್ತುವಿನ ಹೆಸರನ್ನಷ್ಟೇ ನೋಡಿ ಭವಿಯ ಕಾವ್ಯವೆಂದು ಬದಿಗಿರಿಸಿದವನಿಗೆ ಈ ಮರ್ಮ ಹೇಗೆ ದೊರೆತೀತು?

ರಾಘವಾಂಕನ ಶಿವಪರ ಕೃತಿಗಳಲ್ಲಿ ಅಗ್ರಗಣ್ಯವಾದ ಸಿದ್ಧರಾಮಚರಿತೆಯನ್ನು ಇದರ ಪಕ್ಕದಲ್ಲಿರಿಸಿ ಓದಿದರೆ ಇನ್ನೊಂದು ಅಂಶವೂ ಹೊಳೆಯುತ್ತದೆ. ಬಾಲಕ ಸಿದ್ಧರಾಮನು ಮಲ್ಲಯ್ಯನಿಗಾಗಿ ಮಜ್ಜಿಗೆಯೋಗರವನ್ನು ಹೊತ್ತು ತಂದಾಗ ಮಲ್ಲಯ್ಯನಿಲ್ಲ. ಕೂಗುತ್ತ ಅಳುತ್ತ ಶ್ರೀಶೈಲದವರೆಗೆ ಹೋಗಿ, ಎಲ್ಲಿಯೂ ಕಾಣದೆ ಕಮರಿಗೆ ಧುಮುಕಲು ನಿಲ್ಲುವ ಆ ಹುಡುಗನ ಸಂಕಟವೂ, ಹಾವು ಕಚ್ಚಿ ಮಡಿದ ಲೋಹಿತಾಶ್ವನನ್ನು ಇರುಳಿನಲ್ಲಿ ತಡಕಾಡಿ ಕಂಡ ಚಂದ್ರಮತಿಯ ಸಂಕಟವೂ ಒಂದೇ ಬುಗ್ಗೆಯಿಂದ ಹೊರಟವು. ಒಂದು ಶರಣಚರಿತೆ, ಇನ್ನೊಂದು ರಾಜಚರಿತೆ. ಕವಿಯ ಕರುಳು ಮಾತ್ರ ಒಂದೇ. ಏಟು ತಿಂದ ಮೇಲೆ ಅವನು ಕವಿಯಾಗಿ ಬದಲಾದನೆಂದು ಹೇಳಲು ಕೃತಿಗಳು ಎಡೆಗೊಡುವುದಿಲ್ಲ.

ಇನ್ನು ಪರಂಪರೆಯು ಏನು ಮಾಡಿತು? ಓಲೆಗರಿಯ ಕಾಲದಲ್ಲಿ ಒಂದು ಕೃತಿಯನ್ನು ಪ್ರತಿಮಾಡುವುದೇ ಅದರ ಪೋಷಣೆ. ಗರಿಗಳನ್ನು ಹದಮಾಡಿ, ಕಂಟದಿಂದ ಕೊರೆದು, ಮಸಿ ತುಂಬಿ, ಹುಳು ಹಿಡಿಯುವುದಕ್ಕೆ ಮೊದಲೇ ಮತ್ತೊಂದು ಪ್ರತಿ ಮಾಡಿಸದಿದ್ದರೆ ಕೃತಿ ಉಳಿಯುತ್ತಿರಲಿಲ್ಲ. ಆ ಐದು ಕೃತಿಗಳಲ್ಲಿ ಸಿದ್ಧರಾಮಚರಿತೆ, ಸೋಮನಾಥಚರಿತೆ, ವೀರೇಶಚರಿತೆಗಳು ಉಳಿದಿವೆ. ಶರಭಚಾರಿತ್ರವೂ ಹರಿಹರಮಹತ್ತ್ವವೂ ದೊರೆತಿಲ್ಲ. ದೋಷವೆಂದು ಎಣಿಸಲ್ಪಟ್ಟ ಹರಿಶ್ಚಂದ್ರಕಾವ್ಯವಾದರೋ ಉಳಿದು ಬಂದಿತು. ಗ್ರಂಥಗಳ ಅಳಿವು ಉಳಿವುಗಳಲ್ಲಿ ಗೆದ್ದಲಿನ ಮತ್ತು ಬೆಂಕಿಯ ಪಾಲೂ ಇರುವುದರಿಂದ ಈ ಸಂಗತಿಯ ಮೇಲೆ ಹೆಚ್ಚಿನ ಭಾರವನ್ನು ಹೇರಲಾಗದು. ಆದರೂ ಇಷ್ಟನ್ನು ಹೇಳಬಹುದು: ಹಲ್ಲುದುರಿದ ಕಥೆಯನ್ನು ಭಕ್ತಿಯಿಂದ ಹೇಳಿಕೊಂಡು ಬಂದ ನಾಡೇ ಹಲ್ಲುದುರಿಸಿದ ಕಾವ್ಯವನ್ನೂ ಪ್ರೀತಿಯಿಂದ ಕಾಪಾಡಿತು.

ಪುಲಿಗೆರೆಯ ಕನ್ನಡಿ

ಪರರ ಕೃತಿಯ ವಿಷಯದಲ್ಲಿ ನ್ಯಾಯವೇನೆಂಬುದನ್ನು ಅರಿಯಲು ತನ್ನವರ ಕೃತಿಯನ್ನು ಪರರ ಕಣ್ಣಿನಿಂದ ನೋಡುವುದೇ ಉತ್ತಮವಾದ ಉಪಾಯ. ರಾಘವಾಂಕನ ಸೋಮನಾಥಚರಿತೆ ಅಂಥದೊಂದು ಕನ್ನಡಿಯನ್ನು ಒದಗಿಸುತ್ತದೆ.

ಸೌರಾಷ್ಟ್ರದ ವ್ಯಾಪಾರಿ ಆದಯ್ಯನು ಪುಲಿಗೆರೆಗೆ ಬಂದು ಜೈನರ ಮಗಳಾದ ಪದ್ಮಾವತಿಯನ್ನು ವರಿಸಿ, ಅವಳ ಮನೆಯಲ್ಲಿ ಶಿವಭಕ್ತರಿಗಾದ ಅವಮಾನದಿಂದ ನೊಂದು, ಸೋಮನಾಥನನ್ನು ಕರೆತಂದು ಸುರಹೊನ್ನೆಯ ಬಸದಿಯಲ್ಲಿ ನೆಲೆಗೊಳಿಸಿದ ಕಥೆ ಅದು. ಭಕ್ತನ ಓದಿಗೆ ಅದು ನಿಷ್ಠೆಯ ವಿಜಯ. ಜೈನ ಓದುಗನಿಗೆ? ತನ್ನ ಬಸದಿಯೊಂದು ಕೈತಪ್ಪಿದ ಕಥೆ. ಹೀಗಿದ್ದರೂ ಕನ್ನಡ ಸಾಹಿತ್ಯವನ್ನು ವ್ಯಾಸಂಗ ಮಾಡುವ ಜೈನ ವಿದ್ಯಾರ್ಥಿಯು ರಾಘವಾಂಕನನ್ನು ಬಿಟ್ಟು ವಾರ್ಧಕ ಷಟ್ಪದಿಯನ್ನು ಅರಿಯಲಾರನು. ಅವನಿಂದ ಆ ಔದಾರ್ಯವನ್ನು ನಿರೀಕ್ಷಿಸುವವರು ತಾವೂ ಅದನ್ನು ತೋರಬೇಕಾಗುತ್ತದೆ.

ಇದೇ ಪುಲಿಗೆರೆ, ಎಂದರೆ ಇಂದಿನ ಗದಗ ಜಿಲ್ಲೆಯ ಲಕ್ಷ್ಮೇಶ್ವರ, ಆದಿಕವಿಯ ಕನ್ನಡಕ್ಕೂ ನೆಲೆ. ತನ್ನ ವಿಕ್ರಮಾರ್ಜುನವಿಜಯದ ಭಾಷೆ ಪುಲಿಗೆರೆಯ ತಿರುಳುಗನ್ನಡವೆಂದು ಪಂಪನು ಹೇಳಿಕೊಂಡಿದ್ದಾನೆ. ಕ್ರಿ. ಶ. 941ರಲ್ಲಿ ಆದಿಪುರಾಣವನ್ನು ಬರೆದ ಈ ಜೈನಕವಿಯು ಒಂದು ಕೃತಿಯಲ್ಲಿ ಜಿನಾಗಮವನ್ನೂ ಇನ್ನೊಂದರಲ್ಲಿ ಲೌಕಿಕವನ್ನೂ ಬೆಳಗುವೆನೆಂದು ತಾನೇ ಗೆರೆ ಎಳೆದನು. ಲಕ್ಷ್ಮೇಶ್ವರದಲ್ಲಿ ಇಂದು ಸೋಮೇಶ್ವರ ದೇವಾಲಯವೂ ಇದೆ, ಶಂಖಬಸದಿಯೂ ಇದೆ. ಎರಡನ್ನೂ ಬಲ್ಲವನೇ ಆ ಊರನ್ನು ಬಲ್ಲವನು. ಅಂತೆಯೇ ಪಂಪನನ್ನು ತೊರೆದು ಹರಿಹರನನ್ನು, ಜನ್ನನನ್ನು ತೊರೆದು ರಾಘವಾಂಕನನ್ನು ಅರಿಯುವುದು ಆಗದ ಮಾತು. ಚಂಪುವನ್ನು ಬಲ್ಲವನಿಗೇ ರಗಳೆಯ ಕ್ರಾಂತಿ ಎಷ್ಟೆಂಬುದು ಅರ್ಥವಾಗುತ್ತದೆ.

ವಚನಸಾಹಿತ್ಯವೇ ಪರರ ಔದಾರ್ಯದ ಫಲವನ್ನು ಧಾರಾಳವಾಗಿ ಉಂಡಿದೆ. ಫ. ಗು. ಹಳಕಟ್ಟಿಯವರು 1923ರಲ್ಲಿ ವಚನಶಾಸ್ತ್ರಸಾರವನ್ನು ಬೆಳಕಿಗೆ ತಂದು ತಮ್ಮ ಬಾಳನ್ನೇ ಈ ಕಾರ್ಯಕ್ಕೆ ಸವೆಸಿದರು. ಅವರ ದುಡಿಮೆಯ ಫಲವು ಎಲ್ಲ ಕನ್ನಡಿಗರ ಸೊತ್ತಾಗುವುದರಲ್ಲಿ ವೀರಶೈವೇತರರ ಪಾಲು ಚಿಕ್ಕದಲ್ಲ. ಎಂ. ಆರ್. ಶ್ರೀನಿವಾಸಮೂರ್ತಿಯವರು ವಚನಧರ್ಮಸಾರವನ್ನೂ, ಆರ್. ಆರ್. ದಿವಾಕರರು ವಚನಶಾಸ್ತ್ರರಹಸ್ಯವನ್ನೂ ಬರೆದರು. ಶ್ರೀವೈಷ್ಣವ ಮನೆತನದಲ್ಲಿ ಹುಟ್ಟಿದ ಎ. ಕೆ. ರಾಮಾನುಜನ್ನರು 1973ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಅನುವಾದದಿಂದ ಬಸವಣ್ಣ, ಅಲ್ಲಮ, ಅಕ್ಕಮಹಾದೇವಿ, ದಾಸಿಮಯ್ಯರ ವಾಣಿ ಕಡಲಾಚೆಯ ಕಾವ್ಯರಸಿಕರಿಗೆ ತಲುಪಿತು. 1993ರಲ್ಲಿ ಕರ್ನಾಟಕ ಸರ್ಕಾರವು ಸಮಗ್ರ ವಚನ ಸಂಪುಟಗಳನ್ನು 15 ಸಂಪುಟಗಳಲ್ಲಿ ಪ್ರಕಟಿಸಿತು. ಅದಕ್ಕೆ ವೆಚ್ಚವಾದದ್ದು ನಾಡಿನ ಎಲ್ಲ ಮತದವರೂ ತೆತ್ತ ಹಣ. ಶರಣರ ನಂಬಿಕೆಯನ್ನು ಒಪ್ಪದವನು ತನ್ನ ಪಾಲನ್ನು ಹಿಂದಕ್ಕೆ ಕೇಳಿದ್ದರೆ ಆ ಸಂಪುಟಗಳ ಗತಿ ಏನಾಗುತ್ತಿತ್ತು?

ಗಣಾಚಾರದ ಆಕ್ಷೇಪ

ಇಲ್ಲಿ ನಿಷ್ಠಾವಂತನಾದ ಭಕ್ತನು ಒಂದು ಗಂಭೀರವಾದ ಆಕ್ಷೇಪವನ್ನು ಎತ್ತಬಹುದು. ಪಂಚಾಚಾರಗಳಲ್ಲಿ ಗಣಾಚಾರವೂ ಒಂದಲ್ಲವೇ? ಶಿವನಿಂದೆಯನ್ನು ಕೇಳಿ ಸಹಿಸಿಕೊಂಡಿರಬಾರದೆಂದು ಅದು ವಿಧಿಸುವುದಲ್ಲವೇ? ಧರ್ಮವನ್ನು ಹಳಿಯುವವನ ಬರವಣಿಗೆಗೆ ನೆರವಾಗುವುದು ಆಚಾರಲೋಪವಾಗದೇ?

ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಬಾರದು. ಶ್ರದ್ಧೆಯುಳ್ಳವನಿಗೆ ನೋವು ಸಹಜ. ಆದರೆ ಆಚಾರಗಳು ಐದು. ಲಿಂಗಾಚಾರ, ಸದಾಚಾರ, ಶಿವಾಚಾರಗಳನ್ನು ದಾಟಿ ಗಣಾಚಾರವೊಂದನ್ನೇ ಹಿಡಿದುಕೊಳ್ಳುವುದು ಸುಲಭ. ಏಕೆಂದರೆ ಅದು ಇನ್ನೊಬ್ಬನ ತಪ್ಪನ್ನು ನೋಡಲು ಅವಕಾಶ ಕೊಡುತ್ತದೆ. ಸದಾಚಾರವು ತನ್ನ ದುಡಿಮೆ ಶುದ್ಧವಾಗಿದೆಯೇ ಎಂದು ಕೇಳುತ್ತದೆ. ಭೃತ್ಯಾಚಾರವು ತಾನು ಎಲ್ಲರಿಗಿಂತ ಕಿರಿಯನೆಂಬ ವಿನಯವನ್ನು ಬೇಡುತ್ತದೆ. ಈ ವಿನಯವಿಲ್ಲದ ಗಣಾಚಾರವು ಕೇವಲ ಕೋಪವಾಗುತ್ತದೆ. ಅಲ್ಲದೆ, ಭಿನ್ನವಾಗಿ ನಂಬುವುದು ಬೇರೆ, ನಿಂದಿಸುವುದು ಬೇರೆ. ಪಂಪನು ಜಿನನನ್ನು ಸ್ತುತಿಸಿದ್ದು ಶಿವನಿಂದೆಯಲ್ಲ; ಗದುಗಿನ ವೀರನಾರಾಯಣನನ್ನು ಕುಮಾರವ್ಯಾಸನು ನೆನೆದದ್ದು ಶರಣದ್ರೋಹವಲ್ಲ. ದೇವರನ್ನೇ ಒಪ್ಪದ ಲೇಖಕನು ಬಡವನ ಬಾಳನ್ನು ಸತ್ಯವಾಗಿ ಚಿತ್ರಿಸಿದರೆ ಅದೂ ನಿಂದೆಯಾಗದು. ಹಾಗೆ ಚಿತ್ರಿಸುವಾಗ ಅವನು ಮಠಾಧಿಪತಿಗಳ ದೋಷವನ್ನು ಎತ್ತಿ ಹೇಳಿದರೂ, ದೋಷವು ನಿಜವೇ ಎಂದು ನೋಡಬೇಕಲ್ಲದೆ ಹೇಳಿದವನ ನಂಬಿಕೆಯನ್ನು ಕೆದಕಬೇಕಾಗಿಲ್ಲ. ಲಾಂಛನವನ್ನು ತೊಟ್ಟು ಅದಕ್ಕೆ ತಕ್ಕಂತೆ ನಡೆಯದವರನ್ನು ವಚನಕಾರರೇ ಎಷ್ಟು ಕಟುವಾಗಿ ಟೀಕಿಸಿಲ್ಲ!

ವಚನಕ್ಕೆ ಬೇರೆಯೇ ಒರೆಗಲ್ಲು

ಹಾಗಾದರೆ ಕೃತಿಕಾರನ ಬಾಳನ್ನು ನೋಡುವುದೇ ಬೇಡವೇ? ಹಾಗೆ ಹೇಳಿದರೆ ಶರಣರ ಮುಖ್ಯವಾದ ಬೋಧೆಯನ್ನೇ ಕೈಬಿಟ್ಟಂತಾಗುತ್ತದೆ. ನುಡಿಯೂ ನಡೆಯೂ ಒಂದಾಗಿರಬೇಕೆಂಬುದನ್ನು ಅವರಷ್ಟು ಪಟ್ಟುಹಿಡಿದು ಹೇಳಿದವರು ವಿರಳ. ಕವಿಯ ಸ್ವಭಾವದಂತೆ ಕಾವ್ಯವಿರುತ್ತದೆಂಬ ಅಭಿಪ್ರಾಯವು ಸಂಸ್ಕೃತದ ಆಲಂಕಾರಿಕನಾದ ರಾಜಶೇಖರನಲ್ಲಿಯೂ ಉಂಟು. ಆದರೆ ಶರಣರು ಇದನ್ನು ಶೈಲಿಯ ಮಾತಾಗಿ ಬಿಡದೆ ಸತ್ಯದ ಪರೀಕ್ಷೆಯಾಗಿ ಮಾಡಿದರು.

ಇಲ್ಲಿಯೇ ಕೃತಿಯ ಪ್ರಕಾರವನ್ನು ವಿವೇಚಿಸಬೇಕು. ಕಾವ್ಯವು ಪಾತ್ರಗಳ ಮೂಲಕ ಮಾತನಾಡುತ್ತದೆ. ಹರಿಶ್ಚಂದ್ರನ ಸತ್ಯಕ್ಕೆ ಹರಿಶ್ಚಂದ್ರನ ಬಾಳು ಸಾಕ್ಷಿ. ರಾಘವಾಂಕನು ತನ್ನ ಬಾಳಿನಲ್ಲಿ ಸುಳ್ಳಾಡಿದನೋ ಇಲ್ಲವೋ ಎಂಬುದರಿಂದ ಚಂದ್ರಮತಿಯ ಅಳಲು ಹೆಚ್ಚುವುದೂ ಇಲ್ಲ, ಕುಂದುವುದೂ ಇಲ್ಲ. ವಚನವಾದರೋ ನೇರವಾಗಿ ಆಡಿದ ನುಡಿ. ಅದರ ಹಿಂದೆ ಪಾತ್ರವಿಲ್ಲ, ಕಥೆಯಿಲ್ಲ. ಆಡಿದವನ ಅನುಭಾವವೊಂದೇ ಅದರ ಆಧಾರ. ಕೊನೆಯಲ್ಲಿ ಬರುವ ಅಂಕಿತವು ತನ್ನ ಇಷ್ಟದೈವವನ್ನು ಸಾಕ್ಷಿಯಾಗಿ ಕರೆದಂತೆ. ಆದ್ದರಿಂದ ವಚನಕಾರನ ಬಾಳನ್ನು ಕೇಳುವುದು ಅಪ್ರಸ್ತುತವಲ್ಲ. ಆ ಪ್ರಶ್ನೆಯನ್ನು ಕೇಳೆಂದು ವಚನವೇ ಕರೆಯುತ್ತದೆ.

ಆದರೆ ಕೇಳಬೇಕಾದ ಪ್ರಶ್ನೆ ಯಾವುದು? ಅವನು ಯಾವ ಕುಲದವನು, ಹಿಂದೆ ಏನಾಗಿದ್ದನು ಎಂಬುದಲ್ಲ. ಕನ್ನದ ಮಾರಿತಂದೆಯು ಕನ್ನವಿಕ್ಕುವ ಕಳ್ಳನಾಗಿದ್ದನೆಂದು ಸಂಪ್ರದಾಯ ಹೇಳುತ್ತದೆ. ಹೆಂಡದ ಮಾರಯ್ಯ, ಸೂಳೆ ಸಂಕವ್ವೆಯರ ಹೆಸರುಗಳೇ ಅವರ ಕಸುಬನ್ನು ಸಾರುತ್ತವೆ. ಕಲಾವಿದರಂತೂ ಅಲ್ಲಿ ಹಲವರಿದ್ದರು: ಕಿನ್ನರಿ ನುಡಿಸುವ ಬ್ರಹ್ಮಯ್ಯ, ವೇಷ ಕಟ್ಟುವ ಬಹುರೂಪಿ ಚೌಡಯ್ಯ, ಢಕ್ಕೆ ಬಾರಿಸುವ ಬೊಮ್ಮಣ್ಣ, ನಗಿಸುವ ಕಾಯಕದ ಮಾರಿತಂದೆ. ಇವರೆಲ್ಲರ ವಚನಗಳೂ ಉಳಿದುಬಂದಿವೆ. ಹಳೆಯ ಬಾಳನ್ನು ಹೆಸರಿನಲ್ಲಿಯೇ ಬಚ್ಚಿಡದೆ ಉಳಿಸಿಕೊಂಡ ಸಮುದಾಯವದು. ಅಲ್ಲಿ ನೋಡುತ್ತಿದ್ದುದು ಆಡಿದ ಮಾತಿಗೂ ಈಗ ನಡೆವ ನಡೆಗೂ ಹೊಂದಿಕೆಯುಂಟೇ ಎಂಬುದನ್ನು. ತನಗಿಂತ ಭಿನ್ನವಾಗಿ ನಂಬಿದವನಿಗಿಂತ, ತಾನು ನಂಬಿದೆನೆಂದು ಹೇಳಿಕೊಂಡುದನ್ನೇ ಬಾಳದವನು ಶರಣರ ಟೀಕೆಗೆ ಹೆಚ್ಚಾಗಿ ಗುರಿಯಾದನು. ಈ ಒರೆಗಲ್ಲನ್ನು ಇಂದು ತಿರುವುಮುರುವಾಗಿ ಬಳಸಲಾಗುತ್ತಿದೆ: ಪರಮತದವನ ನಂಬಿಕೆಯನ್ನು ಉಜ್ಜಿ ನೋಡುತ್ತಾರೆ, ಸ್ವಮತದವನ ನಡೆಯನ್ನು ಮುಟ್ಟುವುದಿಲ್ಲ.

ನಂಬಿಕೆಯು ಕೃತಿಗೆ ರಕ್ಷೆಯಾಗಬಾರದು

ಕಲಾವಿದನ ನಂಬಿಕೆಯ ಕಾರಣದಿಂದ ಒಳ್ಳೆಯ ಕೃತಿಗೆ ಅನ್ಯಾಯವಾಗುತ್ತದೆಂಬುದನ್ನು ಎಲ್ಲರೂ ಚರ್ಚಿಸುತ್ತಾರೆ. ಅದೇ ಕಾರಣದಿಂದ ದುರ್ಬಲವಾದ ಕೃತಿಗೆ ದೊರೆಯುವ ಆಶ್ರಯವನ್ನು ಚರ್ಚಿಸುವವರು ಕಡಮೆ. ವಾಸ್ತವವಾಗಿ ಹಾನಿಯು ಹೆಚ್ಚಾಗಿರುವುದು ಈ ಎರಡನೆಯ ಬಗೆಯಲ್ಲಿಯೇ.

ಈಚಿನ ದಶಕಗಳಲ್ಲಿ ಆಧುನಿಕ ವಚನಗಳೆಂಬ ಹೆಸರಿನ ಸಂಕಲನಗಳು ಬಹಳವಾಗಿ ಬರುತ್ತಿವೆ. ಒಂದು ಅಂಕಿತವನ್ನು ಆರಿಸಿಕೊಂಡು, ನಾಲ್ಕು ನೀತಿವಾಕ್ಯಗಳನ್ನು ತುಂಡರಿಸಿ ಸಾಲುಸಾಲಾಗಿ ಜೋಡಿಸಿದರೆ ವಚನವಾಯಿತೆಂಬ ಭ್ರಮೆ ಹಬ್ಬಿದೆ. ಬರೆದವರು ಭಕ್ತರು, ವಿಷಯ ಧರ್ಮ, ಆದ್ದರಿಂದ ಮುದ್ರಣಕ್ಕೆ ನೆರವು ಸಿಗುತ್ತದೆ, ಮುನ್ನುಡಿ ಸಿಗುತ್ತದೆ, ಸನ್ಮಾನವೂ ಸಿಗುತ್ತದೆ. ಲಂಚವನ್ನು ಹಳಿಯುವ ವಚನವನ್ನು ಬರೆದವರು ತಮ್ಮ ಕಚೇರಿಯಲ್ಲಿ ಹೇಗಿದ್ದರು, ಕುಲಭೇದವನ್ನು ಖಂಡಿಸುವ ವಚನವನ್ನು ಬರೆದವರು ತಮ್ಮ ಮನೆಯ ಮದುವೆಯಲ್ಲಿ ಹೇಗೆ ನಡೆದುಕೊಂಡರು ಎಂದು ಯಾರೂ ಕೇಳುವುದಿಲ್ಲ. ವಚನಪ್ರಕಾರವೇ ಬೇಡುವ ಪರೀಕ್ಷೆಯನ್ನು ವಚನದ ಹೆಸರಿನಲ್ಲಿಯೇ ಬಿಟ್ಟುಕೊಡಲಾಗಿದೆ. ಇದರ ಜೊತೆಗೇ, ಪರಿಶ್ರಮದಿಂದ ಶಾಸನವನ್ನೋ ಹಸ್ತಪ್ರತಿಯನ್ನೋ ಶೋಧಿಸಿ ಬರೆದ ತರುಣ ವಿದ್ವಾಂಸನ ಗ್ರಂಥವು, ಅವನ ನಿಷ್ಠೆಯ ವಿಷಯದಲ್ಲಿ ಸಂದೇಹವಿದೆಯೆಂಬ ಕಾರಣಕ್ಕೆ ಹಿಂದಕ್ಕೆ ಹೋಗುವುದುಂಟು. ಭಕ್ತಿಯ ಹೆಸರಿನಲ್ಲಿ ಭಕ್ತಿಸಾಹಿತ್ಯವೇ ಬಡವಾಗುವ ಬಗೆ ಇದು.

ಹರಿಹರನು ಮಹಾಕವಿಯಾದದ್ದು ಅವನ ನಂಬಿಕೆ ದೊಡ್ಡದಾಗಿದ್ದುದರಿಂದ ಮಾತ್ರವಲ್ಲ. ಆ ನಂಬಿಕೆಗೆ ತಕ್ಕ ಭಾಷೆಯನ್ನು ಅವನು ತಪಸ್ಸಿನಿಂದ ಗಳಿಸಿಕೊಂಡದ್ದರಿಂದ. ನಂಬಿಕೆಯೊಂದೇ ಕವಿಯನ್ನು ಮಾಡುವುದಾಗಿದ್ದರೆ ಹಂಪೆಯ ಯಾತ್ರಿಕರೆಲ್ಲರೂ ಹರಿಹರರಾಗುತ್ತಿದ್ದರು.

ಮೂರು ಕ್ರಿಯೆಗಳ ನ್ಯಾಯ

ಈಗ ಮೊದಲು ಬೇರ್ಪಡಿಸಿದ ಮೂರು ಕ್ರಿಯೆಗಳಿಗೆ ಮರಳಬಹುದು. ಓದಿನ ವಿಷಯದಲ್ಲಿ ಕೃತಿಕಾರನ ನಂಬಿಕೆಯು ತಡೆಯಾಗಬಾರದು. ಅದನ್ನು ತಿಳಿದುಕೊಂಡು ಓದುವುದು ಒಳ್ಳೆಯದು. ಸೋಮನಾಥಚರಿತೆಯಂಥ ಕೃತಿಯಲ್ಲಿ ಕವಿಯ ಪಕ್ಷಪಾತವು ಎಲ್ಲಿ ಪಾತ್ರಚಿತ್ರಣವನ್ನು ಬಾಗಿಸಿದೆಯೆಂದು ಅರಿಯಲು ಆ ತಿಳಿವಳಿಕೆ ಬೇಕು. ಆದರೆ ತಿಳಿದು ಓದುವುದು ಬೇರೆ, ತಿಳಿದು ಬಿಡುವುದು ಬೇರೆ.

ಮನ್ನಣೆಯ ವಿಷಯದಲ್ಲಿ ಗೌರವವು ಯಾವುದಕ್ಕೆ ಸಲ್ಲುತ್ತದೆಂಬುದನ್ನು ನೋಡಬೇಕು. ಪುಸ್ತಕಕ್ಕೆ ಬಹುಮಾನ ಕೊಡುವಾಗ ಪುಸ್ತಕವನ್ನೇ ನೋಡತಕ್ಕದ್ದು. ಶರಣರ ಹೆಸರಿನಿಂದ ಒಬ್ಬನ ಬಾಳನ್ನು ಗೌರವಿಸುವ ಬಿರುದನ್ನು ಕೊಡುವಾಗ ಮಾತ್ರ ಬಾಳನ್ನು ನೋಡಲೇಬೇಕು. ಆಗಲೂ ನೋಡಬೇಕಾದದ್ದು ನಡೆಯನ್ನು, 'ಇವನಾರವ' ಎಂಬ ಪಟ್ಟಿಯನ್ನಲ್ಲ.

ಪೋಷಣೆಯ ವಿಷಯವು ಇನ್ನೂ ಸೂಕ್ಷ್ಮ. ಮಠದ ಹಣವು ಭಕ್ತರ ಕಾಯಕದಿಂದ ಬಂದ ದಾಸೋಹದ್ರವ್ಯ. ಅದು ಎಲ್ಲಿ ವ್ಯಯವಾಗುತ್ತದೆಂದು ಕೇಳುವ ಅಧಿಕಾರ ಭಕ್ತನಿಗಿದೆ. ಮನುಷ್ಯರನ್ನು ಹುಟ್ಟಿನ ಕಾರಣದಿಂದ ಹೀನಾಯಿಸುವ, ಒಂದು ಸಮುದಾಯದ ಮೇಲೆ ಹಗೆಯನ್ನು ಕೆರಳಿಸುವ ಬರವಣಿಗೆಗೆ ಆ ದ್ರವ್ಯವು ಸಲ್ಲದೆಂದು ಅವನು ಹೇಳಿದರೆ ಅದು ನ್ಯಾಯವೇ. ಆ ಬರವಣಿಗೆ ಸ್ವಮತದವನದಾದರೂ ಈ ಮಾತು ಅಷ್ಟೇ ಸಲ್ಲುತ್ತದೆ. ಆದರೆ ಕೇವಲ ಬೇರೆಯಾಗಿ ನಂಬುತ್ತಾನೆಂಬ ಕಾರಣಕ್ಕೆ ಯೋಗ್ಯನಾದವನ ಪಾಲನ್ನು ತಡೆಯುವುದು ದಾಸೋಹದ ಪಂಕ್ತಿಯಲ್ಲಿ ಕುಳಿತವನನ್ನು ಕುಲ ಕೇಳಿ ಎಬ್ಬಿಸಿದಂತೆ. ಪ್ರೌಢದೇವರಾಯನ ಕಾಲದ ವಿಜಯನಗರದಲ್ಲಿ ಚಾಮರಸನ ಪ್ರಭುಲಿಂಗಲೀಲೆಗೂ ವಿರಕ್ತರ ಗ್ರಂಥರಚನೆಗೂ ಆಶ್ರಯ ದೊರೆಯಿತು. ಅದೇ ಅರಸನು 1426ರಲ್ಲಿ ಪಾರ್ಶ್ವನಾಥನಿಗೆ ಚೈತ್ಯಾಲಯವನ್ನು ಕಟ್ಟಿಸಿದನು. ಒಬ್ಬರಿಗೆ ಕೊಟ್ಟದ್ದರಿಂದ ಇನ್ನೊಬ್ಬರ ಪಾಲು ಕಡಮೆಯಾಗಲಿಲ್ಲ.

ಜನಶ್ರುತಿಯ ಹರಿಹರನು ರಾಘವಾಂಕನನ್ನು ಹೊಡೆದದ್ದು ಅಳಿಯನ ಶಕ್ತಿ ತಕ್ಕ ನೆಲೆಯನ್ನು ಕಾಣಲಿಲ್ಲವೆಂಬ ಸಂಕಟದಿಂದ ಎಂದು ಭಾವಿಸಲು ಅವಕಾಶವಿದೆ. ಆ ಸಂಕಟವು ಗುರುವಿಗೆ ಸಲ್ಲುತ್ತದೆ. ಗುರುವಿನ ಪ್ರೀತಿಯಿಲ್ಲದ ಓದುಗನಿಗೆ ಆ ಪಾದರಕ್ಷೆಯ ಮೇಲೆ ಅಧಿಕಾರವಿಲ್ಲ. ಅವನ ಪಾಲಿಗೆ ಬಂದಿರುವುದು ಎರಡು ಕಾವ್ಯಗಳು. ಸಿದ್ಧರಾಮಚರಿತೆಯನ್ನು ಪೂಜೆಯ ಪೆಟ್ಟಿಗೆಯಲ್ಲಿಟ್ಟು ಹರಿಶ್ಚಂದ್ರಕಾವ್ಯವನ್ನು ಹೊರಗಿಟ್ಟವನು ಅರ್ಧ ರಾಘವಾಂಕನನ್ನಷ್ಟೇ ಬಲ್ಲನು. ಎರಡನ್ನೂ ಬಿಚ್ಚಿ ಓದಿದವನಿಗೆ, ಶ್ರೀಶೈಲದ ಕಮರಿಯ ಅಂಚಿನಲ್ಲಿ ಅಳುವ ಹುಡುಗನಿಗೆ ಕೈಕೊಟ್ಟವನೂ ಕಾಶಿಯ ಮಸಣದಲ್ಲಿ ಎತ್ತಿದ ಖಡ್ಗವನ್ನು ತಡೆದವನೂ ಒಬ್ಬನೇ ಎಂಬುದು ತಿಳಿಯುತ್ತದೆ.